ಊಟಕ್ಕೆ ಮಜ್ಜಿಗೆ, ತಿಂಡಿಗೆ ಕಾಫಿ

ಹೊರನಾಡಿನ ಯಾವುದೇ ಕನ್ನಡ ಸಂಘದ ಆಮಂತ್ರಣ ಪತ್ರಿಕೆಯನ್ನು ತೆಗೆದು ನೋಡಿದರೂ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ಉಪಾಹಾರ ಮತ್ತು ಕಾಫಿಯ ವ್ಯವಸ್ಥೆ ಇದೆ.’ ವಾರ್ಷಿಕೋತ್ಸವಕ್ಕೆ ಊಟದ ಏರ್ಪಾಡಿದ್ದರೆ ‘ಪ್ರೀತಿ ಭೋಜನ’ ಎಂದಷ್ಟೇ ಅಚ್ಚಾಗುತ್ತದೆ. ‘ಭೋಜನ ಮತ್ತು ಕಾಫಿ’ ಎಂದು ಯಾವ ಕಾರ್ಯದರ್ಶಿಯೂ ಅಚ್ಚು ಹಾಕಿಸಿದ್ದನ್ನು ನಾನು ಕಂಡಿಲ್ಲ. ಕಾಫಿ ಉಪ್ಪಿಟ್ಟಿನ ಸಂಗಾತಿ, ಅನ್ನ ಸಾರಿನ ಸಂಗಾತಿಯಲ್ಲ. ಊಟದ ಕೊನೆಗೆ ಮಜ್ಜಿಗೆ, ತಿಂಡಿಯ ಕೊನೆಗೆ ಕಾಫಿ. ಈ ನಿಯಮವನ್ನು ಯಾವ ಶಾಸ್ತ್ರಗ್ರಂಥದಲ್ಲೂ ಬರೆದಿಲ್ಲ. ಆದರೂ ನಾವೆಲ್ಲರೂ ಅದನ್ನು ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿದ್ದೇವೆ.

ಬೇರೆ ದೇಶಗಳಲ್ಲಿ ಹೀಗಿಲ್ಲ. ಅಮೆರಿಕದ ಸಾಧಾರಣ ಊಟದ ಮನೆಗಳಲ್ಲಿ ಊಟದ ತಟ್ಟೆಯ ಪಕ್ಕದಲ್ಲೇ ಕಾಫಿಯ ಬಟ್ಟಲು ಇರುತ್ತದೆ, ಮುಗಿದಂತೆಲ್ಲ ತುಂಬುತ್ತಾರೆ. ಇಟಲಿ, ಫ್ರಾನ್ಸ್‌ಗಳಲ್ಲಿ ಊಟವೆಲ್ಲ ಮುಗಿದ ಮೇಲೆ ಸಣ್ಣ ಬಟ್ಟಲಿನಲ್ಲಿ ಗಟ್ಟಿ ಕಾಫಿ ಬರುತ್ತದೆ. ನಮ್ಮಲ್ಲಿ ಮಾತ್ರ ಕಾಫಿ ಊಟದ ಎಲೆಯಿಂದ ದೂರ ನಿಂತು, ತನಗೆಂದೇ ಬೆಳಗ್ಗೆ ಒಂದು ಹೊತ್ತು, ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಒಂದು ಹೊತ್ತು ಗೊತ್ತು ಮಾಡಿಕೊಂಡಿದೆ. ಇದು ಅನಾದಿಯಿಂದ ಬಂದ ಪದ್ಧತಿ ಎಂದು ನಾವು ಭಾವಿಸಿದ್ದೇವೆ, ಮಕ್ಕಳಿಗೂ ಹಾಗೆಯೇ ಹೇಳುತ್ತೇವೆ. ವಾಸ್ತವವಾಗಿ, ಸಾಮಾನ್ಯ ಕುಟುಂಬಗಳ ಮಟ್ಟಿಗೆ ಇದರ ವಯಸ್ಸು ಹೆಚ್ಚೆಂದರೆ ನೂರು, ನೂರಿಪ್ಪತ್ತು ವರ್ಷ. ಇಷ್ಟು ಹೊಸದೊಂದು ಅಭ್ಯಾಸ ಇಷ್ಟು ಹಳೆಯದೆಂಬಂತೆ ಹೇಗೆ ನೆಲೆಯೂರಿತು, ಅದನ್ನು ನೆಲೆಗೊಳಿಸಿದವರು ಯಾರು ಎಂಬುದನ್ನು ಸ್ವಲ್ಪ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಕಾಫಿಗಿಂತ ಮೊದಲು

ನಮ್ಮ ಹಳ್ಳಿಗಳಲ್ಲಿ ಬೆಳಗಿನ ಆಹಾರವೇ ಇರಲಿಲ್ಲವೆಂದಲ್ಲ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು ಬೆಳಗ್ಗೆ ಮಜ್ಜಿಗೆ, ಉಪ್ಪು, ಉಪ್ಪಿನಕಾಯಿಯೊಡನೆ ತಿನ್ನುತ್ತಿದ್ದರು; ಇದೇ ತಂಗಳನ್ನ. ಮೈಸೂರು ಸೀಮೆಯ ಬಯಲು ನಾಡಿನಲ್ಲಿ ರಾಗಿ ಅಂಬಲಿ, ಕರಾವಳಿಯಲ್ಲಿ ಗಂಜಿ, ಉತ್ತರ ಕರ್ನಾಟಕದಲ್ಲಿ ರೊಟ್ಟಿ. ಮನೆಗೆ ಬಂದವರಿಗೆ ಮಲೆನಾಡು, ಕರಾವಳಿಗಳಲ್ಲಿ ಮೊದಲು ಬೆಲ್ಲ ಮತ್ತು ನೀರು. ಬಿಸಿಯಾಗಿ ಏನಾದರೂ ಕುಡಿಯಬೇಕೆಂದರೆ ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿದ ಕಷಾಯ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ, ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ, ಬೆಳಗ್ಗೆ ಎಲ್ಲರಿಗೂ ಕಷಾಯವೇ ಆಗಿತ್ತಂತೆ. ಕಾಫಿಪುಡಿಯ ಡಬ್ಬಿ ಅವರ ಮಾವನವರ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು. ಪೇಟೆಯ ನೆಂಟರೋ ಶ್ಯಾನುಭೋಗರೋ ಬಂದರೆ ಮಾತ್ರ ಹೊರಗೆ ಬರುತ್ತಿತ್ತು. ಕಾಫಿ ತೋಟಗಳಿರುವ ಘಟ್ಟದ ಸಾಲು ಅಲ್ಲಿಂದ ಬಹಳ ದೂರವೇನಲ್ಲ ಎಂಬುದನ್ನು ಗಮನಿಸಬೇಕು. ಬೆಳೆಯುವ ನಾಡಿಗೇ ಕಾಫಿ ಕುಡಿಯುವ ಅಭ್ಯಾಸ ಇಷ್ಟು ತಡವಾಗಿ ಏಕೆ ಬಂತು?

ಬೀಜ ಇಲ್ಲಿ, ಕುಡಿಯುವವರು ಅಲ್ಲಿ

ಬಾಬಾ ಬುಡನ್ ಎಂಬ ಸಂತರು 17ನೇ ಶತಮಾನದಲ್ಲಿ ಹಜ್ ಯಾತ್ರೆ ಮುಗಿಸಿ ಬರುವಾಗ ಯೆಮೆನ್‌ನ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮಗೆಲ್ಲ ಗೊತ್ತಿರುವುದೇ. ಆ ಗಿರಿಗೆ ಇಂದಿಗೂ ಅವರದೇ ಹೆಸರು. ಆದರೆ ಬಿತ್ತಿದ ಕೂಡಲೇ ನಾಡು ಕಾಫಿ ಕುಡಿಯತೊಡಗಿತು ಎಂದು ಭಾವಿಸಬಾರದು. ಸುಮಾರು ಒಂದೂವರೆ ಶತಮಾನ ಅದು ಬೆಟ್ಟದ ಮೇಲಿನ ಮನೆಗಳ ಹಿತ್ತಲ ಗಿಡವಾಗಿಯೇ ಉಳಿಯಿತು.

19ನೇ ಶತಮಾನದಲ್ಲಿ ಆಂಗ್ಲ ತೋಟಗಾರರು ಮೊದಲು ಚಿಕ್ಕಮಗಳೂರು, ಸಕಲೇಶಪುರಗಳ ಕಡೆ, ಅನಂತರ ಕೊಡಗಿನಲ್ಲಿ ಕಾಡು ಕಡಿದು ದೊಡ್ಡ ತೋಟಗಳನ್ನೆಬ್ಬಿಸಿದರು. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದಲೂ ಬಯಲು ಸೀಮೆಯಿಂದಲೂ ಕೂಲಿಗಳು ಹೋದರು. ಹಣ್ಣು ಕೊಯ್ದವರು ನಮ್ಮವರು, ಬೀಜ ಒಣಗಿಸಿದವರು ನಮ್ಮವರು. ಸಂಸ್ಕರಿಸಿದ ಕಾಫಿ ಮಂಗಳೂರು ಬಂದರಿನಿಂದ ಹಡಗೇರಿ ಲಂಡನ್ನಿನ ಹರಾಜುಕಟ್ಟೆಗೆ ಹೋಗುತ್ತಿತ್ತು. ಬೆಲೆ ಗೊತ್ತಾಗುತ್ತಿದ್ದುದೂ ಅಲ್ಲಿಯೇ. ತೋಟದ ಸುತ್ತಿನ ಜನರಿಗೆ ಹಾಲಿಲ್ಲದ, ಬೆಲ್ಲ ಹಾಕಿದ ಕರಿ ಕಾಫಿ ರೂಢಿಯಾಯಿತು. ಕೊಡಗಿನಲ್ಲಿ ಬೆಲ್ಲದ ಕಾಫಿ ಇಂದಿಗೂ ಇದೆ. ಆದರೆ ಹಾಲು, ಸಕ್ಕರೆ, ಗಟ್ಟಿ ಡಿಕಾಕ್ಷನ್ ಸೇರಿದ ಕಾಫಿ ಹಳ್ಳಿಯಿಂದ ಪೇಟೆಗೆ ಬಂದದ್ದಲ್ಲ, ಪೇಟೆಯಿಂದ ಹಳ್ಳಿಗೆ ಹೋದದ್ದು.

ಕಚೇರಿಯ ಗಂಟೆ

ಪೇಟೆಯಲ್ಲಿ ಅದನ್ನು ಮೊದಲು ಬರಮಾಡಿಕೊಂಡವರು ಯಾರೆಂದರೆ, ನನ್ನಂಥ ಗುಮಾಸ್ತರೇ. ಇದು ಹಾಸ್ಯವಲ್ಲ. ಆಂಗ್ಲರ ಕಾಲದಲ್ಲಿ ಕಚೇರಿ, ಕೋರ್ಟು, ಶಾಲೆಗಳು ಬಂದ ಮೇಲೆ ದಿನದ ಲೆಕ್ಕವೇ ಬದಲಾಯಿತು. ಹತ್ತೂವರೆಗೋ ಹನ್ನೊಂದಕ್ಕೋ ಕಚೇರಿಯಲ್ಲಿರಬೇಕಾದವನು ಒಂಬತ್ತೂವರೆಗೆ ಅನ್ನದ ಊಟ ಮುಗಿಸಬೇಕು. ಅಷ್ಟು ಬೇಗ ಊಟವೆಂದ ಮೇಲೆ ಅದಕ್ಕೂ ಮುಂಚೆ ತಂಗಳನ್ನ ತಿನ್ನಲಾಗದು; ಬರಿಯ ಹೊಟ್ಟೆಯಲ್ಲಿರಲೂ ಆಗದು. ಬೆಳಗ್ಗೆ ಆರಕ್ಕೆ ಒಂದು ಲೋಟ ಬಿಸಿ ಕಾಫಿ ಆ ಜಾಗವನ್ನು ಚೆನ್ನಾಗಿ ತುಂಬಿತು. ಹತ್ತಕ್ಕೆ ಊಟ ಮಾಡಿದವನಿಗೆ ಮೂರು ಗಂಟೆಗೆ ಹಸಿವಾಗುತ್ತದೆ. ರಾತ್ರಿಯ ಊಟಕ್ಕೆ ಇನ್ನೂ ಹೊತ್ತಿದೆ. ಆಗ ಬಂದದ್ದು ತಿಂಡಿ ಮತ್ತು ಎರಡನೆಯ ಕಾಫಿ.

‘ಟಿಫಿನ್’ ಎಂಬ ಮಾತು ಆಂಗ್ಲೋ ಇಂಡಿಯನ್ನರದು. ಅವರಲ್ಲಿ ಅದು ನಡುಹಗಲಿನ ಹಗುರವಾದ ಊಟ. ದಕ್ಷಿಣದಲ್ಲಿ ಆ ಮಾತಿಗೆ ಬೇರೆಯೇ ಅರ್ಥ ಬಂತು: ಅನ್ನವಲ್ಲದ ಆಹಾರ. ದೋಸೆ, ಇಡ್ಲಿ, ಉಪ್ಪಿಟ್ಟು, ಅವಲಕ್ಕಿಗಳು ಹೊಸ ತಿನಿಸುಗಳಲ್ಲ. ಇಡ್ಲಿಯ ಹೆಸರು ನಮ್ಮ ಹಳಗನ್ನಡ ಕಾವ್ಯ, ಗದ್ಯಗಳಲ್ಲೇ ಬರುತ್ತದೆ. ಆದರೆ ಅವು ಹಬ್ಬಕ್ಕೆ, ಒಪ್ಪತ್ತಿಗೆ, ನೆಂಟರು ಬಂದಾಗ ಆಗುತ್ತಿದ್ದವು. ಅವನ್ನು ದಿನದಿನದ ತಿಂಡಿಯನ್ನಾಗಿ ಮಾಡಿ ಒಂದು ಹೊತ್ತಿಗೆ ಕಟ್ಟಿಹಾಕಿದ್ದರಲ್ಲಿ ಕಾಫಿಯ ಪಾಲು ದೊಡ್ಡದು. ಕಾಫಿ ನಮ್ಮ ಊಟಕ್ಕೆ ಸೇರಿಕೊಳ್ಳಲಿಲ್ಲ. ತನಗೆ ಬೇಕಾದ ಇನ್ನೊಂದು ಆಹಾರವನ್ನೇ ಕಟ್ಟಿಕೊಂಡಿತು.

ತಮಿಳು ನಾಡಿನಲ್ಲಿ ಇದೇ ಕಥೆ ನಡೆದ ಬಗೆಯನ್ನು ಇತಿಹಾಸಕಾರ ಎ. ಆರ್. ವೆಂಕಟಾಚಲಪತಿಯವರು 2006ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಚೆನ್ನಾಗಿ ನಿರೂಪಿಸಿದ್ದಾರೆ. ‘ಆ ದಿನಗಳಲ್ಲಿ ಕಾಫಿ ಇರಲಿಲ್ಲ’ ಎಂಬುದು ಆ ಪುಸ್ತಕದ ಹೆಸರಿನ ಅರ್ಥ. ತಂಗಳನ್ನದ ಜಾಗಕ್ಕೆ ಕಾಫಿ ಬಂದಾಗ ಹಿರಿಯರು ಗಾಬರಿಪಟ್ಟರು. ಆರೋಗ್ಯ ಕೆಡುತ್ತದೆ, ಹೆಂಗಸರು ಹಾಳಾಗುತ್ತಾರೆ ಎಂದರು. ಗಾಂಧೀಜಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗ ಬರೆದ ಆರೋಗ್ಯದ ಪುಸ್ತಕದಲ್ಲಿ ಚಹಾ, ಕಾಫಿ, ಕೋಕೋ ಮೂರೂ ದೇಹಕ್ಕೆ ಅಗತ್ಯವಲ್ಲವೆಂದೇ ಬರೆದರು. ಯಾರ ಮಾತೂ ನಡೆಯಲಿಲ್ಲ. ಅಷ್ಟು ಹೊತ್ತಿಗೆ ಕಾಫಿ ಅಡಿಗೆಮನೆಯೊಳಗೆ ಕಾಲಿಟ್ಟಾಗಿತ್ತು.

ಕಾಫಿ ಕ್ಲಬ್ಬುಗಳ ಕಾಲ

ಅಡಿಗೆಮನೆಗೂ ಮೊದಲು ಅದು ನೆಲೆ ಕಂಡದ್ದು ಹೋಟೆಲುಗಳಲ್ಲಿ. ಆಗಿನ ಹೋಟೆಲುಗಳ ಹೆಸರನ್ನೇ ನೋಡಿರಿ: ‘ಕಾಫಿ ಕ್ಲಬ್’. ತಿನಿಸಿಗೆ ಹೆಸರಿನಲ್ಲಿ ಜಾಗವಿಲ್ಲ, ಕಾಫಿಗೆ ಇದೆ. ಬೆಂಗಳೂರಿನ ಪ್ರಸಿದ್ಧ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರಿಂದ ಪ್ರಾರಂಭವಾದಾಗ ಅದರ ಹೆಸರು ‘ಬ್ರಾಹ್ಮಿನ್ಸ್ ಕಾಫಿ ಕ್ಲಬ್’. ಈಗಿನ ಹೆಸರು ಬಂದದ್ದು 1960ರಲ್ಲಿ.

ಆ ಹಳೆಯ ಹೆಸರಿನಲ್ಲಿ ಎರಡು ಸಂಗತಿಗಳಿವೆ. ಒಂದನೆಯದು, ಮಡಿಯ ಲೆಕ್ಕ. ಬೇಯಿಸಿದ ಅನ್ನ ಮುಸುರೆ. ಅದನ್ನು ಹೊರಗೆ, ಗೊತ್ತಿಲ್ಲದವರ ಕೈಯಿಂದ ಉಣ್ಣುವುದು ಸಂಪ್ರದಾಯಸ್ಥರಿಗೆ ಕಷ್ಟ. ಫಲಾಹಾರಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ. ಆದುದರಿಂದ ಹೋಟೆಲಿನಲ್ಲಿ ತಿಂಡಿ ತಿನ್ನಲು, ಕಾಫಿ ಕುಡಿಯಲು ಧೈರ್ಯ ಮಾಡಿದವರು ಅನ್ನಕ್ಕೆ ಮನೆಗೇ ಹೋಗುತ್ತಿದ್ದರು. ಅಂಚು ಹೊರಕ್ಕೆ ಮಡಿಸಿದ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದಕ್ಕೂ ಈ ಲೆಕ್ಕವೇ ಕಾರಣ. ಕಾಫಿ ಊಟದಿಂದ ದೂರ, ತಿಂಡಿಗೆ ಹತ್ತಿರವಾದದ್ದರ ಗುಟ್ಟು ಅರ್ಧ ಇಲ್ಲಿದೆ.

ಎರಡನೆಯ ಸಂಗತಿ ಅಷ್ಟು ಸಂತೋಷದ್ದಲ್ಲ. ಒಬ್ಬರ ಹೆಸರನ್ನು ಹಲಗೆಯ ಮೇಲೆ ಬರೆದಾಗ ಉಳಿದವರಿಗೆ ಅದು ಏನು ಹೇಳುತ್ತದೆ? ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಕೋಣೆ, ಇತರರಿಗೆ ಹೊರಗಿನ ಬೆಂಚು, ದಲಿತರಿಗೆ ಪ್ರವೇಶವೇ ಇಲ್ಲ ಎಂಬ ವ್ಯವಸ್ಥೆ ಇತ್ತು. ಮದರಾಸಿನ ತಿರುವಲ್ಲಿಕೇಣಿಯ ಒಂದು ಹೋಟೆಲಿನ ಹಲಗೆಯಲ್ಲಿದ್ದ ‘ಬ್ರಾಹ್ಮಣ’ ಎಂಬ ಮಾತನ್ನು ಅಳಿಸಬೇಕೆಂದು ಪೆರಿಯಾರರ ಅನುಯಾಯಿಗಳು 1957ರಲ್ಲಿ ದಿನವೂ ಧರಣಿ ನಡೆಸಿ ಜೈಲಿಗೆ ಹೋದರು. ಹೋಟೆಲು ಎಲ್ಲರಿಗೂ ತೆರೆದಿರಬೇಕೆಂದು 1950ರ ನಮ್ಮ ಸಂವಿಧಾನದ 15ನೇ ವಿಧಿ ಹೇಳುತ್ತದೆ. ಆದರೂ ಪ್ರತ್ಯೇಕ ಲೋಟದ ಸುದ್ದಿ ಕೆಲವು ಹಳ್ಳಿಗಳಿಂದ ಇಂದಿಗೂ ಬರುತ್ತಿದೆ. ಕಾಫಿಯ ಘಮವನ್ನು ನೆನೆಯುವಾಗ ಈ ಮಾತನ್ನೂ ಮರೆಯಬಾರದು.

ಮಾರುಕಟ್ಟೆ ಕಳೆದುಕೊಂಡ ಬೆಳೆಗಾರರು

ಇಷ್ಟಾದರೂ 1930ರ ಹೊತ್ತಿಗೆ ಕಾಫಿ ಪೇಟೆಯ ಮಧ್ಯಮ ವರ್ಗದ ಪಾನೀಯವಾಗಿತ್ತೇ ಹೊರತು ಎಲ್ಲರದಾಗಿರಲಿಲ್ಲ. ಅದನ್ನು ಮುಂದಕ್ಕೆ ತಳ್ಳಿದ್ದು ಒಂದು ಸಂಕಟ. ಜಗತ್ತಿನ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ನೆಲಕಚ್ಚಿತು. ಹೊರದೇಶದವರು ಕೊಳ್ಳದಿದ್ದರೆ ನಮ್ಮವರಿಗೇ ಕುಡಿಸಬೇಕು ಎಂಬ ಯೋಚನೆ ಆಗ ಬಂತು. 1935ರಲ್ಲಿ ಕಾಫಿ ಸೆಸ್ ಕಾಯಿದೆಯಾಗಿ, ಅದರಂತೆ ಒಂದು ಸಮಿತಿ ಏರ್ಪಟ್ಟಿತು. ಆ ಸಮಿತಿ 1936ರಲ್ಲಿ ಮೊದಲ ಇಂಡಿಯಾ ಕಾಫಿ ಹೌಸನ್ನು ತೆರೆದದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ. ನಮ್ಮ ಈ ಮುಂಬಯಿಯ ಚರ್ಚ್‌ಗೇಟಿನಲ್ಲಿ. ಇರಾನಿ ಹೋಟೆಲಿನ ಚಹಾ ಆಳುತ್ತಿದ್ದ ಊರಿನಲ್ಲಿ ಕಾಫಿಯ ರುಚಿ ಹತ್ತಿಸಿದರೆ ಎಲ್ಲಿಯಾದರೂ ಹತ್ತೀತು ಎಂಬ ಲೆಕ್ಕ ಅವರಿಗಿದ್ದಿರಬಹುದು.

ಎರಡನೆಯ ಮಹಾಯುದ್ಧ ಬಂದು ಯೂರೋಪಿನ ಮಾರುಕಟ್ಟೆಯೂ ಮುಚ್ಚಿತು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯಿದೆ. ಬೆಂಗಳೂರಿನಲ್ಲಿ ಕಾಫಿ ಮಂಡಲಿ. ಬೆಳೆಗಾರರೆಲ್ಲ ತಮ್ಮ ಬೆಳೆಯನ್ನು ಮಂಡಲಿಯ ‘ಪೂಲ್’ಗೆ ಒಪ್ಪಿಸಬೇಕು, ಮಂಡಲಿ ಮಾರಿ ಹಣ ಹಂಚಬೇಕು. ಯುದ್ಧಕಾಲಕ್ಕೆಂದು ಮಾಡಿದ ಈ ವ್ಯವಸ್ಥೆ ಅರ್ಧ ಶತಮಾನ ನಡೆದು, 1992ರಿಂದ ಹಂತಹಂತವಾಗಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರರಿಗೆ ಮುಕ್ತ ಮಾರಾಟದ ಹಕ್ಕು ದೊರೆಯಿತು.

ಮಂಡಲಿಯ ಕಾಫಿ ಹೌಸುಗಳ ಕಥೆಯಲ್ಲಿ ಇನ್ನೊಂದು ತಿರುವು ಇದೆ. 1950ರ ದಶಕದಲ್ಲಿ ಅವನ್ನು ಮುಚ್ಚುವ ನಿರ್ಧಾರವಾದಾಗ ಕೆಲಸ ಕಳೆದುಕೊಳ್ಳಲಿದ್ದ ನೌಕರರು, ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ, ತಾವೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. 1957ರಲ್ಲಿ ಬೆಂಗಳೂರಿನಲ್ಲಿ ಮೊದಲ ಸಂಘ, ಅದೇ ವರ್ಷ ದೆಹಲಿಯಲ್ಲಿ ಮತ್ತೊಂದು. ಇಂದು ದೇಶದ ಅನೇಕ ಊರುಗಳಲ್ಲಿ ಕಾಣುವ ‘ಇಂಡಿಯನ್ ಕಾಫಿ ಹೌಸ್’ ನಡೆಸುತ್ತಿರುವವರು ಅಂಥ ಕೆಲಸಗಾರರೇ.

ಊರು ಬಿಟ್ಟವರ ಕೈ

ಸರಕಾರ ಪ್ರಚಾರ ಮಾಡಿತು, ನಿಜ. ಆದರೆ ಕಾಫಿಯನ್ನು ಇಡ್ಲಿ ದೋಸೆಯ ಜೊತೆ ಕಟ್ಟಿ ಊರೂರಿಗೆ ಒಯ್ದವರು ಉಡುಪಿ ಹೋಟೆಲಿನವರು. ಕಡಂದಲೆಯ ಕೃಷ್ಣರಾಯರು ಚಿಕ್ಕಪುಟ್ಟ ಕೆಲಸಗಳಿಂದ ಮೇಲೆ ಬಂದು 1930ರ ದಶಕದ ಕೊನೆಗೆ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. 1942ರಲ್ಲಿ ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಪ್ರಾರಂಭಿಸಿದರು. ಹೆಸರು ಉಳಿದವರು ಇಂಥ ಕೆಲವರು. ಹೆಸರು ಉಳಿಯದವರು ಸಾವಿರಾರು. ಹತ್ತು ಹನ್ನೆರಡು ವರ್ಷದ ಹುಡುಗರು ಕರಾವಳಿಯಿಂದ ಹಡಗಿನಲ್ಲೋ ಬಸ್ಸಿನಲ್ಲೋ ಮುಂಬಯಿಗೆ ಬಂದು, ಹಗಲು ಲೋಟ ಬಟ್ಟಲು ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಗಳ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತರು. ಆ ಶಾಲೆಗಳಲ್ಲಿ ಓದಿದವರು ಮುಂದೆ ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು, ಹೋಟೆಲಿನ ಮಾಲಿಕರಾದರು, ನಮ್ಮಂಥ ಸಂಘಗಳನ್ನು ಕಟ್ಟಿದರು. ಸಭೆಯಲ್ಲಿ ನಾವು ಕೈಗೆತ್ತಿಕೊಳ್ಳುವ ಕಾಫಿಯ ಲೋಟದ ಹಿಂದೆ ಅವರ ಸವೆದ ಬೆರಳುಗಳಿವೆ.

ಮನೆಯೊಳಗಿನ ಕೈಯನ್ನೂ ಹೇಳಬೇಕು. ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ತೂತಿನ ಬಿಲ್ಲೆಯಿಂದ ಹದವಾಗಿ ಒತ್ತಿ, ಕುದಿಯುವ ನೀರು ಸುರಿದರೆ ಡಿಕಾಕ್ಷನ್ ತನ್ನ ಪಾಡಿಗೆ ಹನಿಹನಿಯಾಗಿ ಇಳಿಯುತ್ತದೆ. ಅದನ್ನು ಅವಸರಪಡಿಸಲಾಗದು. ಆರಕ್ಕೆ ಕಾಫಿ ಬೇಕೆಂದರೆ ಐದಕ್ಕೆ ಒಬ್ಬರು ಏಳಬೇಕು. ಆ ‘ಒಬ್ಬರು’ ಯಾರೆಂದು ಓದುಗರಿಗೆ ವಿವರಿಸಬೇಕಾಗಿಲ್ಲ. ತಂಗಳನ್ನಕ್ಕೆ ಬೆಳಗ್ಗೆ ಒಲೆ ಹೊತ್ತಿಸುವ ಕೆಲಸವಿರಲಿಲ್ಲ. ಕಾಫಿ ತಿಂಡಿ ಬಂದ ಮೇಲೆ ಮನೆಯ ಹೆಂಗಸರ ದಿನ ಒಂದೆರಡು ಗಂಟೆ ಮೊದಲೇ ಶುರುವಾಯಿತು. ಹಳೆಯದನ್ನು ಬಿಟ್ಟು ಹೊಸದಕ್ಕೆ ಬಂದಾಗ ಅದರ ಖರ್ಚು ಯಾರ ಲೆಕ್ಕಕ್ಕೆ ಬಿತ್ತು ಎಂದು ಗುಮಾಸ್ತನಾದ ನಾನು ಕೇಳದಿರಲಾರೆ.

ಇನ್ನು ಪುಡಿಯ ಮಾತು. ಚಿಕೋರಿ ಎಂಬುದು ಕಾಫಿಯೇ ಅಲ್ಲ, ಒಂದು ಗಿಡದ ಬೇರು. ನೆಪೋಲಿಯನ್ನನ ಯುದ್ಧಗಳಲ್ಲಿ ಕಾಫಿ ಸಿಗದೆ ಹೋದಾಗ ಯೂರೋಪಿನಲ್ಲಿ ಅದರ ಬಳಕೆ ಹೆಚ್ಚಿತು. ನಮ್ಮಲ್ಲಿಗೆ ಬಂದು ಗಟ್ಟಿ ಬಣ್ಣ, ಕಹಿ ರುಚಿಗೆಂದು ಕಾಯಂ ಆಗಿ ನಿಂತಿತು. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಿಮೆ ಇರಕೂಡದೆಂದು ಕಾನೂನು ಇದೆ. ಪೊಟ್ಟಣದ ಮೇಲೆ ಪ್ರಮಾಣ ಅಚ್ಚಾಗಿರುತ್ತದೆ. ಕೊಳ್ಳುವಾಗ ಓದಿಕೊಳ್ಳುವುದು ಒಳ್ಳೆಯದು.

ಊಟದ ಜೊತೆ ಏಕೆ ಬೇಡ?

ಇತ್ತೀಚೆಗೆ ನಮ್ಮ ಮನೆಗಳಲ್ಲೂ ಮಧ್ಯಾಹ್ನದ ಡಬ್ಬಿಯೂಟ ಮುಗಿಸಿದ ಕೂಡಲೇ ಕಚೇರಿಯ ಯಂತ್ರದಿಂದ ಕಾಫಿ ಹಿಡಿದು ಕುಡಿಯುವ ಅಭ್ಯಾಸ ಬರುತ್ತಿದೆ. ಇಲ್ಲಿ ಹಳೆಯ ಕಟ್ಟಳೆಯ ಪರವಾಗಿ ವಿಜ್ಞಾನದ ಒಂದು ಮಾತಿದೆ. 1983ರಲ್ಲಿ ಅಮೆರಿಕದ ಮೋರ್ಕ್, ಲಿಂಚ್ ಮತ್ತು ಕುಕ್ ಎಂಬ ಸಂಶೋಧಕರು ಊಟದ ಜೊತೆ ಕಾಫಿ ಕುಡಿದರೆ ಆಹಾರದ ಕಬ್ಬಿಣಾಂಶ ದೇಹಕ್ಕೆ ಎಷ್ಟು ಸೇರುತ್ತದೆಂದು ಅಳೆದು ನೋಡಿದರು. ಒಂದು ಬಟ್ಟಲು ಕಾಫಿಯಿಂದ ಆ ಪ್ರಮಾಣ ನೂರಕ್ಕೆ 39ರಷ್ಟು ಇಳಿಯಿತು, ಚಹಾದಿಂದ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಏನೂ ಇಳಿಯಲಿಲ್ಲ. ಊಟವಾದ ಒಂದು ಗಂಟೆಯ ಮೇಲೆ ಕುಡಿದರೆ ಮಾತ್ರ ಜೊತೆಯಲ್ಲೇ ಕುಡಿದಷ್ಟೇ ಇಳಿಯಿತು. ಕಾಫಿಯಲ್ಲಿರುವ ಪಾಲಿಫಿನಾಲ್ ಎಂಬ ರಾಸಾಯನಿಕಗಳು ಕಬ್ಬಿಣದೊಡನೆ ಕಟ್ಟಿಕೊಳ್ಳುವುದೇ ಇದಕ್ಕೆ ಕಾರಣ. ಸೊಪ್ಪು, ಬೇಳೆ, ರಾಗಿಗಳಲ್ಲಿರುವ ಕಬ್ಬಿಣಕ್ಕೆ ಈ ತೊಡಕು ಹೆಚ್ಚು.

ರಕ್ತ ಚೆನ್ನಾಗಿರುವವರು ಇದರಿಂದ ಹೆದರಬೇಕಾಗಿಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಂಡು, ಅದರ ಮೇಲೆ ಉಳಿದ ಡಿಕಾಕ್ಷನ್ನಿನ ಕಾಫಿ ಕುಡಿದು ಕೆಲಸಕ್ಕೆ ಹೋಗುವ ಗೃಹಿಣಿಯರು ಈ ಅಂಕಿಯನ್ನು ಲಕ್ಷ್ಯದಲ್ಲಿಡಬೇಕು. ಕಾಫಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಬೆಳಗ್ಗೆ ಎದ್ದ ಕೂಡಲೇ ಬರಿಯ ಕಾಫಿ, ಸೊಪ್ಪು ಸಾರಿನ ಊಟಕ್ಕೆ ನಿಂಬೆರಸ, ಆಮೇಲೆ ಸಾಕಷ್ಟು ಹೊತ್ತು ಬಿಟ್ಟು ಮಧ್ಯಾಹ್ನದ ಕಾಫಿ. ನಮ್ಮ ಹಿಂದಿನ ಪೀಳಿಗೆಯವರು ಕಬ್ಬಿಣದ ಲೆಕ್ಕ ಗೊತ್ತಿಲ್ಲದೆ, ಮಡಿ ಮತ್ತು ಕಚೇರಿಯ ಗಂಟೆಯ ಕಾರಣಕ್ಕೆ ಮಾಡಿಕೊಂಡ ಏರ್ಪಾಡು ಅದೃಷ್ಟವಶಾತ್ ಆರೋಗ್ಯಕ್ಕೂ ಒಪ್ಪುತ್ತದೆ.

ಒಟ್ಟಿನ ಮೇಲೆ ಹೇಳಬೇಕಾದ್ದು ಇಷ್ಟು. ಕಾಫಿಯ ಗಿಡ ಇಥಿಯೋಪಿಯದ್ದು, ಬೀಜ ಬಂದದ್ದು ಅರಬ್ಬೀ ಬಂದರಿನಿಂದ, ತೋಟ ಮಾಡಿದವರು ಆಂಗ್ಲರು, ಟಿಫಿನ್ ಎಂಬ ಮಾತೂ ಅವರದೇ, ಚಿಕೋರಿ ಯೂರೋಪಿನದು. ಆದರೂ ಕಾಫಿ ನಮ್ಮದು ಎನ್ನಲು ನಮಗೆ ಸಂಕೋಚ ಬೇಕಿಲ್ಲ. ಹೊರನಾಡಿನಲ್ಲಿರುವ ನಾವು ‘ನಮ್ಮ ಸಂಸ್ಕೃತಿ’ ಎಂದರೆ ಊರಿನಲ್ಲಿ ಬಿಟ್ಟು ಬಂದ ಯಾವುದೋ ಹಳೆಯ ಪೆಟ್ಟಿಗೆ, ದಿನದಿನಕ್ಕೆ ಅದು ಬರಿದಾಗುತ್ತಿದೆ ಎಂದು ಕೊರಗುತ್ತೇವೆ. ಕಾಫಿಯ ಇತಿಹಾಸ ಬೇರೆ ಮಾತು ಹೇಳುತ್ತದೆ. ಅದನ್ನು ತಿಂಡಿಯ ಜೊತೆಗೆ ಕಟ್ಟಿ ಕನ್ನಡಿಗರ ಗುರುತನ್ನಾಗಿ ಮಾಡಿದವರಲ್ಲಿ ದೊಡ್ಡ ಪಾಲು ಊರು ಬಿಟ್ಟು ಹೋದವರದು. ಮಾಟುಂಗ, ಮದರಾಸು, ಬೆಂಗಳೂರುಗಳಲ್ಲಿ ದುಡಿದವರದು. ‘ಇದು ಎಷ್ಟು ಹಳೆಯದು?’ ಎಂದು ಮಕ್ಕಳು ಕೇಳಿದರೆ ಸಾವಿರ ವರ್ಷವೆಂದು ಹೇಳಬೇಕಾಗಿಲ್ಲ. ನಿಮ್ಮ ಮುತ್ತಜ್ಜನ ಕಾಲದ್ದು, ನಮ್ಮಂಥವರೇ ಮಾಡಿದ್ದು ಎಂದು ಹೇಳೋಣ. ಯಾರನ್ನು ಹೊರಗೆ ಕೂರಿಸಿದ್ದೆವು, ಯಾರು ಲೋಟ ತೊಳೆದರು, ಯಾರು ಐದಕ್ಕೆ ಎದ್ದರು ಎಂಬುದನ್ನೂ ಸೇರಿಸಿ ಹೇಳೋಣ.